ಬಚ್ಚಲುಮನೆಯಿಂದ ಡಬ್ಬಿಗೆ

ಕಳೆದ ಶ್ರಾವಣದಲ್ಲಿ ಅಕ್ಕನ ಮಗ ಬೆಂಗಳೂರಿನಿಂದ ಫೋನ್ ಮಾಡಿ, "ಮಾವ, ಹತ್ತು ಸಾವಿರದೊಳಗೆ ಒಂದು ರಿವರ್ಬ್ ಡಬ್ಬಿ ಬೇಕಿತ್ತು, ಯಾವುದು ತಗೊಳ್ಳಲಿ?" ಅಂದ. ರಿವರ್ಬ್ ಅಂದರೆ ಅನುರಣನ, ಸದ್ದು ನಿಂತ ಮೇಲೂ ಕೋಣೆಯಲ್ಲಿ ಸುಳಿದಾಡುವ ಗುಂಯ್‌ಗುಡುವಿಕೆ; ಅದನ್ನು ಹಾಡಿಗೆ ಬೆರೆಸುವ ಯಂತ್ರ ಈ ಡಬ್ಬಿ. ಮಹಡಿ ಕೋಣೆಯಲ್ಲಿ ಭಾವಗೀತೆ ರೆಕಾರ್ಡ್ ಮಾಡುವ ಹುಚ್ಚು ಅವನಿಗೆ. ಹುಚ್ಚು ಹಿಡಿಸಿದವನು ನಾನೇ ಎಂದು ಅಕ್ಕನ ದೂರು. ಒಂದು ಹೆಸರು ಹೇಳಿ ಫೋನ್ ಇಡಬಹುದಿತ್ತು. ಆದರೆ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನ ಬಾಯಿ ಅಷ್ಟು ಬೇಗ ಮುಚ್ಚುವುದಿಲ್ಲ. "ಮೊದಲು ಆ ಕೋಣೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟು, ಏನು ಕೇಳಿಸುತ್ತೆ ಹೇಳು" ಅಂದೆ. ತಟ್ಟಿದ. ಫೋನಿನಲ್ಲೇ ನನಗೆ ಕೇಳಿಸಿತು: ತಗಡು ಬಡಿದಂಥ ಸದ್ದು. ಬರೀ ಗಾರೆ ಗೋಡೆ, ಟೈಲ್ಸ್ ನೆಲ. "ಹತ್ತು ಸಾವಿರ ಹಾಗೇ ಇರಲಿ. ಹಾಸಿಗೆ ಎಷ್ಟಿವೆ ಮನೆಯಲ್ಲಿ?"

ಅವನು ನಕ್ಕ. ಹಾಸಿಗೆಯಿಂದಲೇ ಈ ಇಡೀ ವಿದ್ಯೆ ಶುರುವಾಯಿತು ಅಂದರೆ ನಂಬಲಿಲ್ಲ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಫಾಗ್ ಕಲಾ ಸಂಗ್ರಹಾಲಯದಲ್ಲಿ ಒಂದು ಉಪನ್ಯಾಸ ಮಂದಿರವಿತ್ತು. ನೋಡಲು ಚಂದ, ಕೂತವರಿಗೆ ಒಂದು ಮಾತೂ ಅರ್ಥವಾಗುತ್ತಿರಲಿಲ್ಲ. ಆಡಿದ ಶಬ್ದ ಖಾಲಿ ಮಂದಿರದಲ್ಲಿ ಐದೂವರೆ ಸೆಕೆಂಡು ಸುಳಿದಾಡುತ್ತಿತ್ತು. ಅಷ್ಟರಲ್ಲಿ ಮೇಷ್ಟ್ರು ಇನ್ನೊಂದು ವಾಕ್ಯ ಮುಗಿಸಿರುತ್ತಿದ್ದರು. ಸರಿಪಡಿಸುವ ಕೆಲಸ ವಾಲೇಸ್ ಸೇಬೀನ್ ಎಂಬ ಕಿರಿಯ ಭೌತವಿಜ್ಞಾನದ ಮೇಷ್ಟ್ರ ಹೆಗಲಿಗೆ ಬಿತ್ತು. ಆತ ರಾತ್ರಿ ಊರಿನ ಸದ್ದಡಗಿದ ಮೇಲೆ ಪಕ್ಕದ ನಾಟಕ ಮಂದಿರದಿಂದ ಕುರ್ಚಿಯ ಮೆತ್ತೆಗಳನ್ನು ಹೊತ್ತು ತರುವುದು, ಒಂದು ಆರ್ಗನ್ ಕೊಳವೆ ಊದಿಸಿ ಸದ್ದು ಸಾಯಲು ಎಷ್ಟು ಹೊತ್ತು ಬೇಕೆಂದು ಅಳೆಯುವುದು, ಮೆತ್ತೆ ಹೆಚ್ಚಿಸಿ ಮತ್ತೆ ಅಳೆಯುವುದು, ಬೆಳಗಾಗುವುದರೊಳಗೆ ಎಲ್ಲ ವಾಪಸು ಇಟ್ಟುಬರುವುದು. ಹೀಗೆ ವರ್ಷಗಟ್ಟಲೆ ಮಾಡಿ ಕಂಡುಕೊಂಡದ್ದು ಒಂದು ಸಾಲಿನ ಲೆಕ್ಕ: ಕೋಣೆ ದೊಡ್ಡದಾದಷ್ಟೂ ಅನುರಣನ ಉದ್ದ, ಹೀರುವ ವಸ್ತು ಹೆಚ್ಚಾದಷ್ಟೂ ಗಿಡ್ಡ. 1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್ ಇದೇ ಲೆಕ್ಕದ ಮೇಲೆ ಕಟ್ಟಿದ್ದು. ಇಂದಿನ ಯಾವ ರಿವರ್ಬ್ ಡಬ್ಬಿಯ ಮೇಲಾದರೂ 'ಡಿಕೇ' ಅಥವಾ 'ಟೈಮ್' ಎಂಬ ತಿರುಪು ಕಂಡರೆ, ಅದು ಸೇಬೀನನ ಮೆತ್ತೆಗಳನ್ನು ಎತ್ತಿ ಇಡುವ ತಿರುಪು ಎಂದೇ ತಿಳಿಯಬೇಕು.

ಪ್ರತಿಧ್ವನಿ ಬೇರೆ, ಅನುರಣನ ಬೇರೆ. ಮಕ್ಕಳಿಗೆ ಇದನ್ನು ಹೇಳಲು ನನಗೆ ಗೋಳಗುಮ್ಮಟದ ಪ್ರವಾಸವೇ ಬೇಕಾಗುತ್ತಿತ್ತು. ಅದರ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಕೂಗಿದ ಸದ್ದು ಎದುರು ಗೋಡೆಗೆ ಹೋಗಿ ಬರಲು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು. ಅಷ್ಟು ಬಿಡುವು ಸಿಕ್ಕರೆ ಕಿವಿ ಅದನ್ನು ಇನ್ನೊಂದು ಕೂಗೆಂದೇ ಎಣಿಸುತ್ತದೆ. ಚಿಕ್ಕ ಕೋಣೆಯಲ್ಲಿ ಹಾಗಲ್ಲ. ಮರಳುವ ಸದ್ದುಗಳು ಒಂದರ ಬಾಲ ಇನ್ನೊಂದು ಹಿಡಿದು ಬರುತ್ತವೆ, ಯಾವುದನ್ನೂ ಬಿಡಿಸಿ ಕೇಳಲಾಗದು. ಅದು ಅನುರಣನ. ನಮ್ಮ ಆರ್ಕೆಸ್ಟ್ರಾದವರು ಎರಡಕ್ಕೂ 'ಎಕೋ' ಎಂದೇ ಅನ್ನುತ್ತಿದ್ದರು. ಗಣಪತಿ ಪೆಂಡಾಲಿನಲ್ಲಿ ಮೈಕ್‌ಸೆಟ್ಟಿನವನಿಗೆ ಗಾಯಕ ಕೈಸನ್ನೆ ಮಾಡಿದ ಅಂದರೆ ಎಕೋ ಜಾಸ್ತಿ ಮಾಡು ಅಂತಲೇ ಅರ್ಥ. ಕಡಿಮೆ ಮಾಡು ಎಂದವನನ್ನು ನಾನು ಕಂಡಿಲ್ಲ.

1984ರಲ್ಲಿ ಸಾಗರದಲ್ಲಿ ನಮ್ಮದೊಂದು ಸುಗಮ ಸಂಗೀತದ ತಂಡ. ನಾನು ಹಾರ್ಮೋನಿಯಂ. ಆಗ ಕ್ಯಾಸೆಟ್ಟಿನ ಕಾಲ. ನಮಗೂ ಒಂದು ಕ್ಯಾಸೆಟ್ ಮಾಡುವ ಆಸೆ, ಸ್ಟುಡಿಯೋಗೆ ಕೊಡಲು ದುಡ್ಡಿಲ್ಲ. ಪುಸ್ತಕವೊಂದರಲ್ಲಿ ಓದಿದ್ದ ಉಪಾಯ ಮಾಡಿದೆವು. ಕೋಣೆಯಲ್ಲಿ ಹಾಡಿದ್ದನ್ನು ಬಚ್ಚಲುಮನೆಯಲ್ಲಿಟ್ಟ ಸ್ಪೀಕರಿಗೆ ಕಳಿಸುವುದು, ಅಲ್ಲೇ ಇನ್ನೊಂದು ಮೈಕಿಟ್ಟು ಆ ಗುಂಯ್‌ಗುಡುವಿಕೆಯನ್ನು ಹಿಡಿದು ತಂದು ಮೂಲಕ್ಕೆ ಬೆರೆಸುವುದು. ಹಂಡೆಯ ಬಾಯಿಗೆ ಮೈಕು ಎದುರಾದರೆ ಒಂದು ನಾದ, ಗೋಡೆಗೆ ತಿರುಗಿಸಿದರೆ ಇನ್ನೊಂದು. ಮೂರು ಹಾಡು ಸೊಗಸಾಗಿ ಬಂತು. ನಾಲ್ಕನೆಯದರ ಎರಡನೇ ಚರಣದಲ್ಲಿ ನಲ್ಲಿಯ ಹನಿ ತೊಟ್ ತೊಟ್ ಎಂದು, ತಬಲಾದವನ ದಾದರಾಕ್ಕೆ ಅಡ್ಡಡ್ಡ ಬಿದ್ದಿದೆ. ಐದನೆಯದರ ಹೊತ್ತಿಗೆ ಅಜ್ಜಿ ಸ್ನಾನಕ್ಕೆ ಹೋಗಬೇಕೆಂದು ಹಠ ಹಿಡಿದರು.

ಈ ಉಪಾಯ ನಮ್ಮದೇ ಶೋಧ ಎಂಬ ಜಂಬ ನನಗೇನಿಲ್ಲ. ಶಿಕಾಗೋದ ಬಿಲ್ ಪಟ್ನಮ್ 1947ರಲ್ಲಿ ಇದನ್ನೇ ಮಾಡಿದ್ದ. ಹಾರ್ಮೋನಿಕ್ಯಾಟ್ಸ್ ಎಂಬ ಮೌತ್ ಆರ್ಗನ್ ತಂಡದ 'ಪೆಗ್ ಓ' ಮೈ ಹಾರ್ಟ್' ಧ್ವನಿಮುದ್ರಿಕೆಗೆ ಸ್ಟುಡಿಯೋದ ಬಚ್ಚಲನ್ನೇ ಅನುರಣನ ಕೋಣೆಯಾಗಿ ಬಳಸಿದ. ಹಾಡು ಊರೆಲ್ಲ ಮೊಳಗಿತು. ಅಲ್ಲಿಂದ ದೊಡ್ಡ ಕಂಪನಿಗಳು ಅದಕ್ಕೆಂದೇ ಖಾಲಿ ಕೋಣೆ ಕಟ್ಟಿಸಲು ಹೊರಟವು. 1956ರಲ್ಲಿ ಹಾಲಿವುಡ್ಡಿನಲ್ಲಿ ಎದ್ದ ಕ್ಯಾಪಿಟಲ್ ಟವರಿನ ನೆಲದಡಿಯಲ್ಲಿ ಗಿಟಾರ್ ವಾದಕ ಲೆಸ್ ಪಾಲ್ ರೂಪಿಸಿದ ಕಾಂಕ್ರೀಟ್ ಕೋಣೆಗಳಿವೆ. ಕೇಳುವವರಿಗೆ ವಿಚಿತ್ರ: ಲಕ್ಷಗಟ್ಟಲೆ ಸುರಿದು ಕಟ್ಟಿಸಿದ್ದು, ಒಳಗೆ ಯಾರೂ ಇರದ ಕೋಣೆ.

ಕೋಣೆ ಕಟ್ಟಿಸಲಾಗದವರಿಗೆ ಉಕ್ಕು ಬಂತು. 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ತಂದ 140 ಎಂಬ ಯಂತ್ರದೊಳಗೆ ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಹಾಳೆಯೊಂದನ್ನು ಬಿಗಿದು ತೂಗುಹಾಕಿರುತ್ತಾರೆ. ಒಂದು ಕಡೆ ಅದನ್ನು ಹಾಡಿನಿಂದ ನಡುಗಿಸುವುದು, ಇನ್ನೊಂದು ಕಡೆ ಆ ನಡುಕವನ್ನು ಹಿಡಿಯುವುದು. ಚೌಕಟ್ಟು ಸೇರಿ ಇನ್ನೂರೆಪ್ಪತ್ತು ಕೆಜಿಯಷ್ಟು ತೂಕ. ಕೋಣೆ ಕಟ್ಟಿಸುವುದರ ಮುಂದೆ ಇದೇ ಅಗ್ಗ! ಅದಕ್ಕೂ ಅಗ್ಗದ್ದು ಸ್ಪ್ರಿಂಗ್. ದೂರದ ಟೆಲಿಫೋನ್ ಕರೆಯಲ್ಲಿ ಆಗುವ ತಡವನ್ನು ಅಧ್ಯಯನ ಮಾಡಲು ಬೆಲ್ ಪ್ರಯೋಗಾಲಯದವರು ಸ್ಪ್ರಿಂಗಿನ ಸಾಧನ ಬಳಸಿದ್ದರು. ಲಾರೆನ್ಸ್ ಹ್ಯಾಮಂಡ್ ಅದನ್ನು ತನ್ನ ವಿದ್ಯುತ್ ಆರ್ಗನ್ನಿಗೆ ತಂದ. ಆ ಆರ್ಗನ್ನನ್ನು ಚರ್ಚಿನಲ್ಲಿ ಕೇಳಿ ಮರುಳಾಗಿ ಮನೆಗೆ ಕೊಂಡವರು ರತ್ನಗಂಬಳಿ ಹಾಸಿದ ತಮ್ಮ ಕೋಣೆಯಲ್ಲಿ ಅದರ ನಾದ ಒಣಗಿದೆ ಎನ್ನುತ್ತಿದ್ದರಂತೆ. ಗಿಟಾರ್ ಆಂಪ್ಲಿಫೈಯರಿಗೆ ಫೆಂಡರ್ ಕಂಪನಿ 1960ರ ದಶಕದ ಆರಂಭದಲ್ಲಿ ಈ ಸ್ಪ್ರಿಂಗನ್ನು ಅಳವಡಿಸಿದ ಮೇಲೆ ಲೋಕವೆಲ್ಲ ಕೇಳಿತು. ಶಿವಮೊಗ್ಗದ ಒಂದು ಆರ್ಕೆಸ್ಟ್ರಾದಲ್ಲಿ ಅಂಥ ಆಂಪ್ಲಿಫೈಯರಿಗೆ ಯಾರೋ ಕಾಲು ತಗುಲಿಸಿದಾಗ ಗುಡುಗಿನಂಥ ಸದ್ದಾಗಿ, ಮುಂದಿನ ಸಾಲಿನ ಹಿರಿಯರು ಆಕಾಶ ನೋಡಿದ್ದು ನೆನಪಿದೆ.

ಇನ್ನು ಮುಖ್ಯ ಕಥೆ. ನಾನು ಅಳಿಯನಿಗೆ ಹೇಳಲು ಹೊರಟಿದ್ದೂ ಅದೇ.

ಬೆಲ್ ಪ್ರಯೋಗಾಲಯದ ಮ್ಯಾನ್‌ಫ್ರೆಡ್ ಶ್ರೋಡರ್ 1960ರ ದಶಕದ ಶುರುವಿನಲ್ಲಿ ಕೋಣೆಯೂ ಇಲ್ಲದೆ, ಉಕ್ಕೂ ಇಲ್ಲದೆ, ಬರೀ ಲೆಕ್ಕದಿಂದ ಅನುರಣನ ಹುಟ್ಟಿಸುವ ದಾರಿ ತೋರಿಸಿದ. ಸದ್ದನ್ನು ಕೆಲವು ಸುತ್ತುಗಳಿಗೆ ಬಿಡುವುದು. ಪ್ರತಿ ಸುತ್ತಿಗೂ ಒಂದೊಂದು ಉದ್ದ. ಸುತ್ತಿ ಬಂದಂತೆ ಸ್ವಲ್ಪ ಸ್ವಲ್ಪ ಕ್ಷೀಣಿಸಬೇಕು. ಕಿವಿ ನಂಬಬೇಕಾದರೆ ಸೆಕೆಂಡಿಗೆ ಸುಮಾರು 1,000 ಮರುಸದ್ದುಗಳಾದರೂ ಬೇಕೆಂದು ಆತನ ಅಂದಾಜು. ಗುಟ್ಟಿರುವುದು ಸುತ್ತುಗಳ ಉದ್ದದಲ್ಲಿ. ತಾಳ ಬಲ್ಲವರಿಗೆ ಇದನ್ನು ಹೇಳುವುದು ಸುಲಭ. ಐದು ಮಾತ್ರೆಯ ಆವರ್ತವನ್ನೂ ಹತ್ತು ಮಾತ್ರೆಯ ಆವರ್ತವನ್ನೂ ಒಟ್ಟಿಗೆ ಬಿಟ್ಟರೆ ಹತ್ತಕ್ಕೊಮ್ಮೆ ಇಬ್ಬರೂ ಸಮಕ್ಕೆ ಬಂದು ಬೀಳುತ್ತಾರೆ. ಐದನ್ನೂ ಏಳನ್ನೂ ಬಿಟ್ಟರೆ ಮೂವತ್ತೈದರವರೆಗೆ ಭೇಟಿಯಿಲ್ಲ. ರಿವರ್ಬಿನಲ್ಲಿ ಸಮಕ್ಕೆ ಬೀಳುವುದೇ ದೋಷ. ಸುತ್ತುಗಳು ಪದೇಪದೇ ಒಂದೇ ಗಳಿಗೆಗೆ ಬಂದು ಸೇರಿದರೆ ಅಲ್ಲೊಂದು ಶ್ರುತಿ ಹುಟ್ಟಿಬಿಡುತ್ತದೆ, ಲೋಟ ಬಡಿದಂತೆ ಟಿಣ್ಣನೆ. ಒಳಗೆ ನೆನಪಿನ ಚಿಪ್ ಕಡಿಮೆಯಿದ್ದರೆ ಸುತ್ತುಗಳೂ ಕಡಿಮೆ. ಅಗ್ಗದ ಡಬ್ಬಿ ಟಿಣ್ಣೆನ್ನುವುದು ಬಹಳ ಮಟ್ಟಿಗೆ ಇದೇ ಕಾರಣಕ್ಕೆ.

ಲೆಕ್ಕ ಸಿಕ್ಕಿದರೂ ಡಬ್ಬಿ ಬರಲು ಹದಿನೈದು ವರ್ಷ ಬೇಕಾಯಿತು. ಬ್ಯಾರಿ ಬ್ಲೆಸರ್ ರೂಪಿಸಿದ ಇಎಂಟಿ 250 ಹೊರಬಂದದ್ದು 1976ರಲ್ಲಿ. ರೂಮ್ ಹೀಟರಿನಂಥ ಮೈ, ತಲೆಯ ಮೇಲೆ ಉದ್ದುದ್ದ ಸನ್ನೆಗೋಲುಗಳು, ಬೆಲೆ ಸುಮಾರು 20,000 ಡಾಲರ್. 1978ರಲ್ಲಿ ಲೆಕ್ಸಿಕಾನ್ 224 ಬಂತು. ನಮ್ಮಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂದ ವರ್ಷವೂ ಅದೇ ಎಂಬುದು ನನಗೆ ಯಾಕೋ ಇಷ್ಟವಾದ ಕಾಕತಾಳೀಯ. ಆಮೇಲೆ ಚಿಪ್‌ಗಳ ಬೆಲೆ ಇಳಿಯುತ್ತ ಬಂದು, 1986ರಲ್ಲಿ ಅಲೆಸಿಸ್ ಕಂಪನಿಯ ಕೀತ್ ಬಾರ್ 400 ಡಾಲರಿನೊಳಗೆ ಮಿಡಿವರ್ಬ್ ಎಂಬ ಡಬ್ಬಿ ತಂದ. ಹತ್ತೇ ವರ್ಷದಲ್ಲಿ ಬೆಲೆ ಐವತ್ತನೇ ಒಂದು ಪಾಲಿಗೆ ಬಂದಿತ್ತು. ಅದರಲ್ಲಿ ಕೋಣೆಯನ್ನು ತಿರುಚಿ ಬದಲಿಸುವಂತಿಲ್ಲ. 63 ಸಿದ್ಧ ಕೋಣೆಗಳು, ಬೇಕಾದ್ದನ್ನು ಆರಿಸಿಕೋ, ಅಷ್ಟೇ. ಕೋಣೆ ಚಿಕ್ಕದೋ ದೊಡ್ಡದೋ, ಸದ್ದು ಬೆಚ್ಚಗೋ ಚುರುಕೋ. ಸ್ಟುಡಿಯೋದವರು ಮೂಗು ಮುರಿದಿರಬಹುದು. ನನಗೆ ಅದೇ ಸರಿ ಅನ್ನಿಸುತ್ತದೆ: ತಿರುಪು ಇದ್ದರೆ ರಾತ್ರಿಯೆಲ್ಲ ತಿರುಪುತ್ತ ಕೂರುವವರೇ ಜಾಸ್ತಿ, ಹಾಡುವವರು ಕಡಿಮೆ.

ಅದರ ಓರಗೆಯ ಒಂದು ಡಬ್ಬಿಯನ್ನು ಭಾವ 1989ರಲ್ಲಿ ಅಮೆರಿಕದಿಂದ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಸುತ್ತಿ ತಂದರು. ಅಲ್ಲಿಯದು 110 ವೋಲ್ಟ್, ಇಲ್ಲಿಯದು 230. ವಿಜ್ಞಾನದ ಮೇಷ್ಟ್ರು ಸಂಭ್ರಮದಲ್ಲಿ ಅದನ್ನು ಮರೆತು ಗೋಡೆಗೆ ಸಿಕ್ಕಿಸಿದರು. ಸಣ್ಣ ಹೊಗೆ, ಸುಟ್ಟ ವಾಸನೆ, ಭಾವನ ಮೌನ. ಸುಟ್ಟದ್ದು ಅಡಾಪ್ಟರ್ ಮಾತ್ರ. ಪೇಟೆಯಿಂದ ಒಂಬತ್ತು ವೋಲ್ಟಿನ ಬ್ಯಾಟರಿ ಎಲಿಮಿನೇಟರ್ ತಂದು ಹಾಕಿದೆ. ದೀಪವೇನೋ ಹತ್ತಿತು, ಸದ್ದಿಲ್ಲ. ರೇಡಿಯೋ ರಿಪೇರಿಯವರ ಬಳಿ ಹೋದರೆ ಅಡಾಪ್ಟರಿನ ಬೆನ್ನು ಓದಿ, "ಸಾರ್, ಇದು ಎಸಿ ಕೇಳ್ತದೆ. ನಿಮ್ಮ ಎಲಿಮಿನೇಟರಿಂದ ಡಯೋಡು, ಕೆಪಾಸಿಟರು ಕಿತ್ತು ನೇರ ಜೋಡಿಸಿದ್ರೆ ಆಯ್ತು" ಅಂದರು. ಹತ್ತು ನಿಮಿಷದ ಕೆಲಸ. ಆ ಸಂಜೆ ಹೆಡ್‌ಫೋನಿನಲ್ಲಿ ನನ್ನ ಹಳೇ ಹಾರ್ಮೋನಿಯಂ ಯಾವುದೋ ಕಲ್ಲಿನ ಮಂಟಪದೊಳಗೆ ಕೂತಂತೆ ಕೇಳಿಸಿದಾಗ, ಬಚ್ಚಲುಮನೆಗೆ ಬಿಡುಗಡೆಯಾಯಿತು.

ಒಂದು ಪಾಠ ಮಾತ್ರ ಡಬ್ಬಿಯೊಂದಿಗೆ ಬಂದಿರಲಿಲ್ಲ, ವರ್ಷಗಳ ಮೇಲೆ ಕಲಿತೆ. ನಮ್ಮ ಹಾಡಿನಲ್ಲಿ ಮಾತು ಕೇಳಬೇಕು. ಒತ್ತಕ್ಷರ ತುಂಬಿದ ಸಾಲಿಗೆ ರಿವರ್ಬ್ ಹಾಕಿದರೆ ಕಂಬಳಿ ಹೊದಿಸಿದಂತೆ. ಮೇಲಿನ ಅಕ್ಷರ ಕಂಡರೆ ಕೆಳಗಿನ ಒತ್ತು ಕಾಣದು. ಹಿಂದಿನ ಸ್ಟುಡಿಯೋದವರು ಇದಕ್ಕೊಂದು ದಾರಿ ಹುಡುಕಿದ್ದರು: ಉಕ್ಕಿನ ಹಾಳೆಗೆ ಹೋಗುವ ಹಾಡನ್ನು ಮೊದಲು ಟೇಪ್ ಯಂತ್ರವೊಂದರಲ್ಲಿ ತುಸು ತಡೆದು ಬಿಡುವುದು. ಅಕ್ಷರ ಮೊದಲು ಬಂದು ಕೂರುತ್ತದೆ, ಅನುರಣನ ಹಿಂದಿನಿಂದ ಬರುತ್ತದೆ. ಈಗ ಅದಕ್ಕೆ 'ಪ್ರೀ-ಡಿಲೇ' ಎಂಬ ತಿರುಪೇ ಇದೆ. ಸಿದ್ಧ ಕೋಣೆಗಳನ್ನು ಈಗಷ್ಟೇ ಹೊಗಳಿದವನೇ ಹೇಳುತ್ತಿದ್ದೇನೆ: ಬೇರೆ ಯಾವ ತಿರುಪು ಇಲ್ಲದಿದ್ದರೂ ಇದೊಂದು ಇರಲಿ. ಹಾಡಿಗೆ ನಾನು ಅದನ್ನು 40 ಮಿಲಿಸೆಕೆಂಡಿನ ಆಸುಪಾಸು ಇಡುತ್ತೇನೆ, ಕೊಳಲಿಗೆ ಸೊನ್ನೆಗೂ ಅಡ್ಡಿಯಿಲ್ಲ.

ಇಷ್ಟೆಲ್ಲ ಕೇಳಿ ಅಳಿಯ, "ಹಾಗಾದ್ರೆ ಯಾವುದು ಮಾವ?" ಅಂದ. ಎಸ್‌.ಪಿ. ರಸ್ತೆಗೆ ಹೋಗು, ಹಳೇ ಡಬ್ಬಿ ಸಿಕ್ಕರೂ ಸರಿ, ಹೊಸ ಪುಟ್ಟ ಪೆಡಲ್ ಆದರೂ ಸರಿ. ಕೀತ್ ಬಾರ್ ತೀರಿಕೊಂಡದ್ದು 2010ರಲ್ಲಿ, ಆದರೆ ಕೊನೆಗಾಲದಲ್ಲಿ ಆತ ಮಾಡಿದ ಎಫ್‌ವಿ-1 ಎಂಬ ಚಿಪ್ ಈಗಿನ ಎಷ್ಟೋ ಅಗ್ಗದ ಪೆಡಲ್‌ಗಳ ಹೊಟ್ಟೆಯಲ್ಲಿದೆ. ಅಡಾಪ್ಟರ್ ಎಸಿಯೋ ಡಿಸಿಯೋ ಓದಿಕೋ. ಅಂಗಡಿಯವನು ಹಾಡು ಹಾಕಿ ತೋರಿಸಿದರೆ ಕೇಳಬೇಡ. ತಬಲಾದ 'ನಾ' ಒಂದನ್ನೇ ಕಳಿಸಿ ಅದರ ಬಾಲ ಕೇಳು, ಟಿಣ್ಣೆಂದರೆ ಎದ್ದು ಬಾ. ಕಂಪ್ಯೂಟರಿನಲ್ಲೇ ಉಚಿತವಾಗಿ ಸಿಗುತ್ತದಲ್ಲ ಅಂದ. ಸಿಗುತ್ತದೆ, ನಿಜವಾದ ಮಂದಿರಗಳ ಅಚ್ಚು ತೆಗೆದವೂ ಸಿಗುತ್ತವೆ. ಅಂಥ ಯಂತ್ರವನ್ನು ಸೋನಿ ಕಂಪನಿ 1999ರಲ್ಲಿ ತಂದಾಗ ಅದು ನಮ್ಮಂಥವರ ಕನಸಿಗೂ ಎಟುಕುತ್ತಿರಲಿಲ್ಲ. ಹಾಡುವಾಗ ಸ್ವಂತ ದನಿ ನೇರ ಕೇಳಿಸುವಂತೆ ಇಟ್ಟುಕೊಂಡು ರಿವರ್ಬ್ ಮಾತ್ರ ಕಂಪ್ಯೂಟರಿಂದ ಬರಲಿ. ಅದು ಐದಾರು ಮಿಲಿಸೆಕೆಂಡು ತಡವಾದರೆ ಪ್ರೀ-ಡಿಲೇ ಪುಕ್ಕಟೆ ಸಿಕ್ಕಿತೆಂದುಕೋ. ಆದರೆ ಮೊದಲು ಹಾಸಿಗೆ. ಒಣ ಕೋಣೆಗೆ ಮಂಟಪ ಸೇರಿಸಬಹುದು, ತಗಡಿನ ಕೋಣೆಯಿಂದ ತಗಡನ್ನು ಯಾವ ಡಬ್ಬಿಯೂ ತೆಗೆಯದು.

ದಸರೆ ರಜೆಯಲ್ಲಿ ಅವನು ಕಳಿಸಿದ ಹಾಡು ಬಂತು. ಎರಡು ಹಾಸಿಗೆ, ಅಕ್ಕನ ಮೂರು ರಜಾಯಿ, ಉಚಿತದ ರಿವರ್ಬ್; ಹತ್ತು ಸಾವಿರ ಮೈಕಿಗೆ ಹೋಯಿತಂತೆ. ಒತ್ತಕ್ಷರಗಳೆಲ್ಲ ಹರಳು ಹರಳಾಗಿ ಕೇಳುತ್ತಿದ್ದವು. ಹಾಡು ಮುಗಿದು ತಂಬೂರಿ ಆರುತ್ತ ಬಂದಾಗ, ಗೋಡೆಯ ಮೇಲಿನ ಹಲ್ಲಿಯೊಂದು ಲೊಚಗುಟ್ಟಿ, ಆ ಲೊಚಲೊಚ ಎರಡೂವರೆ ಸೆಕೆಂಡು ದೇವಸ್ಥಾನದೊಳಗೆ ಸುತ್ತಿದಂತೆ ಸುತ್ತಿ ಕರಗಿತು. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ನನ್ನ ಹೆಂಡತಿ ತಲೆಯೆತ್ತದೆ, "ಸತ್ಯ" ಎಂದು ನೆಲಕ್ಕೆ ಬೆರಳು ತಟ್ಟಿದಳು.