ಹರಿಗೋಲನ್ನು ಉಳಿಸುವುದು ಹೇಗೆ?

ಮೊನ್ನೆ ಏಳನೇ ತರಗತಿಯಲ್ಲಿ ವಿಜಯನಗರದ ಪಾಠ ಮಾಡುತ್ತಿದ್ದೆ. ಹರಿಗೋಲು ಅಂದರೆ ಏನು ಎಂದು ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ, "ಪುಟ್ಟಿನಾ ಸಾರ್?" ಅಂದ. ತಪ್ಪೇನಿಲ್ಲ, ತೆಲುಗಿನಲ್ಲಿ ಅದು ಪುಟ್ಟಿಯೇ. ಆದರೆ ಕನ್ನಡ ಶಾಲೆಯ ಮಕ್ಕಳಿಗೆ ಕನ್ನಡದ ಹೆಸರೇ ಗೊತ್ತಿಲ್ಲವಲ್ಲ ಎಂದು ಬೇಸರವಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರುವವರೆಗೆ ನಮ್ಮ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ನಮ್ಮ ಹಗರಿ ಹೊಳೆ (ವೇದಾವತಿ) ಈಗಲೂ ಗಡಿ ದಾಟಿ ಹೋಗಿ ತುಂಗಭದ್ರೆಯನ್ನೇ ಸೇರುತ್ತದೆ.

1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಗೆ ಜನ ಬುಟ್ಟಿಯಂಥ ದುಂಡು ದೋಣಿಯಲ್ಲಿ ದಾಟುವುದನ್ನು ಕಂಡು ಬರೆದಿದ್ದಾನೆ. ಒಳಗೆ ಹೆಣಿಗೆ, ಹೊರಗೆ ಚರ್ಮ. ಹದಿನೈದು-ಇಪ್ಪತ್ತು ಜನ ಹಿಡಿಯುತ್ತಿದ್ದರಂತೆ, ಬೇಕಾದರೆ ಕುದುರೆ, ಎತ್ತುಗಳೂ! ನೇರ ಹೋಗದೆ ಗಿರಗಿರ ತಿರುಗುತ್ತದೆ ಎಂದೂ ಹೇಳಿದ್ದಾನೆ. ಕೂತವರಿಗೆ ಗೊತ್ತು, ಅದು ಇಂದಿಗೂ ನಿಜ. ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಬಿದಿರ ಸೀಳಿನ ಹೆಣಿಗೆ, ಅಂಬಿಗನ ಕೈಯ ಹುಟ್ಟು ಹಾಗೇ ಇವೆ. ಕಲ್ಲುಬಂಡೆಗಳ ಆ ನದಿಯಲ್ಲಿ ತಳ ಚೂಪಾದ ದೋಣಿ ನಡೆಯದು. ಹರಿಗೋಲು ಬಂಡೆಗೆ ತಾಗಿದರೂ ಬಾಗಿ ಜಾರಿಕೊಳ್ಳುತ್ತದೆ.

ಆನೆಗೊಂದಿಯವರಿಗೆ ಸೇತುವೆ ಬೇಕಿತ್ತು. ಮಳೆಗಾಲದಲ್ಲಿ ರೋಗಿಯನ್ನು ದಾಟಿಸುವ ಕಷ್ಟ ನೋಡಿದವರು ಅದನ್ನು ತಪ್ಪೆನ್ನಲಾರರು. ಆದರೆ ಸ್ಮಾರಕಗಳ ನಡುವೆ ಕಟ್ಟುತ್ತಿದ್ದ ಸೇತುವೆಯೂ ಒಂದು ಕಾರಣವಾಗಿ ಹಂಪಿ 1999ರಲ್ಲಿ ಯುನೆಸ್ಕೋದ ಅಪಾಯದ ಪಟ್ಟಿಗೆ ಸೇರಿತು, ಹೊರಬಂದದ್ದು 2006ರಲ್ಲಿ. 2009ರ ಜನವರಿಯಲ್ಲಿ ಆ ಸೇತುವೆ ಪೂರ್ತಿಯಾಗುವ ಮೊದಲೇ ಕುಸಿದು ಕೂಲಿಯವರು ಸತ್ತರು. ಆಮೇಲೆ ಬೇರೆ ಕಡೆ ಸೇತುವೆಯಾಯಿತು. ಹರಿಗೋಲಿಗೆ ಈಗ ಹೆಚ್ಚಾಗಿ ಪ್ರವಾಸಿಗಳೇ ಗತಿ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1861ರಲ್ಲಿ ಕಟ್ಟಿದ 'ಮೇಫ್ಲವರ್' ಎಂಬ ಟಗ್‌ಬೋಟ್ ಇದೆ, ಬೇರೆ ದೋಣಿಗಳನ್ನು ಎಳೆಯುತ್ತಿದ್ದ ಉಗಿದೋಣಿ. ಅದನ್ನು ದುರಸ್ತಿ ಮಾಡಿ ವಸ್ತುಸಂಗ್ರಹಾಲಯದವರು ಉಳಿಸಿಕೊಂಡಿದ್ದಾರೆ. ಕಬ್ಬಿಣವನ್ನು ಹಾಗೆ ಇಡಬಹುದು. ಬಿದಿರು ಕೊಳೆಯುತ್ತದೆ. ಪಾಯಸ್ ಕಂಡ ಹರಿಗೋಲು ಎಲ್ಲೂ ಉಳಿದಿಲ್ಲ. ಐನೂರು ವರ್ಷ ಉಳಿದು ಬಂದಿರುವುದು ಹೆಣೆಯುವ ವಿದ್ಯೆ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವುದು ಹೇಗೆ?

ಬರುವ ಶನಿವಾರ ಬುಟ್ಟಿ ಹೆಣೆಯುವ ಅಜ್ಜರೊಬ್ಬರನ್ನು ಶಾಲೆಗೆ ಕರೆದಿದ್ದೇನೆ. ಅವರು ಹರಿಗೋಲು ಮಾಡಿದವರಲ್ಲ. ಆದರೂ ದುಂಡು ತಳ ಎಲ್ಲಿಂದ ಶುರುವಾಗುತ್ತದೆಂದು ಮಕ್ಕಳು ನೋಡಲಿ.