ಬೆಲ್ಟು ಸಿಕ್ಕಿದರೆ ಬಲಿಪರ ಹಾಡು

ಬಿ.ಸಿ.ರೋಡ್ ಎಂದರೆ ಬಂಟ್ವಾಳ ಕ್ರಾಸ್ ರೋಡ್. ಮಂಗಳೂರು–ಬೆಂಗಳೂರು ಹೆದ್ದಾರಿಯಿಂದ ಬೆಳ್ತಂಗಡಿಯ ದಾರಿ ಕವಲೊಡೆಯುವ ಈ ಪೇಟೆಯ ಸುತ್ತಮುತ್ತಲ ಮನೆಗಳ ಅಟ್ಟದಲ್ಲಿ ಹಳೆಯ ಟೇಪ್ ರೆಕಾರ್ಡರುಗಳು, ಸ್ಟೀರಿಯೋ ಸೆಟ್ಟುಗಳು ಇಂದಿಗೂ ಕಾಣಸಿಗುತ್ತವೆ. ಅನೇಕ ಸೆಟ್ಟುಗಳು ಮೂಲೆ ಸೇರಿದ್ದು ಒಂದು ರಬ್ಬರ್ ಬೆಲ್ಟಿನ ಕೊರತೆಯಿಂದ.

ಹಾಲೆಂಡಿನ ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು 1963ರಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಜಗತ್ತಿಗೆ ತೋರಿಸಿತು. ಹತ್ತು ವರ್ಷಗಳ ಬಳಿಕ, 1973ರಲ್ಲಿ, ತೈಲದ ಬೆಲೆ ಏರಿ ಕೊಲ್ಲಿ ರಾಷ್ಟ್ರಗಳಲ್ಲಿ ಉದ್ಯೋಗ ಹೆಚ್ಚಿತು. ಅಲ್ಲಿಗೆ ಹೋದ ಕರಾವಳಿಯ ಯುವಕರು ರಜೆಯಲ್ಲಿ ಊರಿಗೆ ಮರಳುವಾಗ ಜಪಾನಿನ ಟು-ಇನ್-ಒನ್‌ಗಳನ್ನು ತಂದರು. ಸೆಟ್ಟುಗಳೇನೋ ಬಂದವು, ಬಿಡಿಭಾಗಗಳು ಬರಲಿಲ್ಲ. 1991ರ ಉದಾರೀಕರಣದವರೆಗೆ ಆಮದಿಗೆ ಪರವಾನಗಿಯ ಕಟ್ಟುಪಾಡು, ಭಾರೀ ಸುಂಕ. ಹೀಗಾಗಿ ರಿಪೇರಿಯವರು ಗುಜರಿಗೆ ಬಂದ ಸೆಟ್ಟನ್ನು ಬಿಚ್ಚಿ ಇನ್ನೊಂದಕ್ಕೆ ಜೀವ ಕೊಟ್ಟರು. ಅಲ್ಲೂ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯೇ ಗತಿ.

ಇಷ್ಟೆಲ್ಲ ಪರದಾಟ ಸಿನಿಮಾ ಹಾಡು ಕೇಳುವುದಕ್ಕಷ್ಟೇ ಆಗಿರಲಿಲ್ಲ. ತಾಳಮದ್ದಳೆಯ ಕೂಟಗಳಲ್ಲಿ ಆಸಕ್ತರು ಟೇಪ್ ರೆಕಾರ್ಡರ್ ಇಟ್ಟು ರಾತ್ರಿಯಿಡೀ ಧ್ವನಿಮುದ್ರಿಸುತ್ತಿದ್ದರು. ಅರ್ಥಗಾರಿಕೆಗೆ ಬರೆದಿಟ್ಟ ಮಾತಿಲ್ಲ. ಅದು ಆಶುವಾಗಿ ಹುಟ್ಟುವಂಥದ್ದು. ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ, ಏರು ಶ್ರುತಿಗೆ ಹೆಸರಾದ ಬಲಿಪ ನಾರಾಯಣ ಭಾಗವತರು 2023ರಲ್ಲಿ ತೀರಿಕೊಂಡರು. ಒಂದು ರಾತ್ರಿ ಒಂದು ಊರಿನಲ್ಲಿ ಆಡಿದ ಮಾತಿಗೆ, ಹಾಡಿದ ಪದಕ್ಕೆ ಯಾರದೋ ಮನೆಯ ಕ್ಯಾಸೆಟ್ಟೇ ಏಕೈಕ ದಾಖಲೆ ಆಗಿರಬಹುದು.

ಆ ಕ್ಯಾಸೆಟ್ಟು ಸರಿಯಾಗಿ ನುಡಿಯಬೇಕಾದರೆ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡಬೇಕು. ಬೆಲ್ಟು ಸಡಿಲವಾದರೆ ವೇಗ ತಗ್ಗುತ್ತದೆ, ಭಾಗವತರ ಶ್ರುತಿಯೂ ಇಳಿಯುತ್ತದೆ. ಕೆಲವು ಬೆಲ್ಟುಗಳು ವರ್ಷಗಳು ಕಳೆದಂತೆ ಡಾಂಬರಿನ ಹಾಗೆ ಕರಗಿ ಗಾಲಿಗಳಿಗೆ ಅಂಟಿಕೊಳ್ಳುವುದುಂಟು. ಅದನ್ನು ಸ್ಪಿರಿಟ್‌ನಿಂದ ಒರೆಸಿ, ಗಾಲಿಗಳ ಸುತ್ತ ದಾರ ಹಿಡಿದು ಅಳತೆ ತೆಗೆದು, ಅದಕ್ಕಿಂತ ತುಸು ಚಿಕ್ಕ ಬೆಲ್ಟು ಹಾಕಿದರೆ ಬಿಗಿ ಬರುತ್ತದೆ. ಆದ್ದರಿಂದ ಬೆಲ್ಟಿಗೆ ಅದೇ ಕಂಪನಿಯ ಹೆಸರು ಬೇಕಿಲ್ಲ, ಅಳತೆ ಕೂಡಿಬಂದರೆ ಸಾಕು.

ಟ್ರಾನ್ಸಿಸ್ಟರಿನ ಮಾತು ಬೇರೆ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಸರಕಾರಿ ಸಂಸ್ಥೆ ಬಿ.ಇ.ಎಲ್. ತಯಾರಿಸಿದ ಜರ್ಮೇನಿಯಂ ಟ್ರಾನ್ಸಿಸ್ಟರುಗಳು ದೇಶದ ಅಸಂಖ್ಯ ರೇಡಿಯೋಗಳಲ್ಲಿದ್ದವು. ಮುಂದೆ ಅವುಗಳ ಸ್ಥಾನವನ್ನು ಸಿಲಿಕಾನ್ ಆಕ್ರಮಿಸಿತು. ಜರ್ಮೇನಿಯಂಗೆ ಸುಮಾರು 0.2ರಿಂದ 0.3 ವೋಲ್ಟ್ ಸಾಕು, ಸಿಲಿಕಾನ್‌ಗೆ 0.6ರಿಂದ 0.7 ಬೇಕು. ಹಳೆಯದನ್ನು ಕಿತ್ತು ಹೊಸದನ್ನು ಸುಮ್ಮನೆ ಬೆಸೆದರೆ ಸದ್ದು ಒಡೆಯುತ್ತದೆ. ಸುತ್ತಲಿನ ರೆಸಿಸ್ಟರುಗಳನ್ನೂ ಬದಲಾಯಿಸಬೇಕಾಗುತ್ತದೆ.

ಅತಿ ಕಷ್ಟದ್ದು ಐ.ಸಿ. ಸ್ಟೀರಿಯೋ ಆಂಪ್ಲಿಫೈಯರುಗಳಲ್ಲಿ ಮನೆಮಾತಾಗಿದ್ದ ಎಸ್.ಟಿ.ಕೆ. ಸರಣಿಯ ಐ.ಸಿ.ಗಳನ್ನು ತಯಾರಿಸುತ್ತಿದ್ದದ್ದು ಸ್ಯಾನ್ಯೋ. ಅದರ ಸೆಮಿಕಂಡಕ್ಟರ್ ವಿಭಾಗ 2011ರಲ್ಲಿ ಅಮೆರಿಕದ ಆನ್ ಸೆಮಿಕಂಡಕ್ಟರ್ ಕಂಪನಿಯ ಪಾಲಾಯಿತು. ಪೇಟೆಯಲ್ಲಿ ಹಳೆಯ ನಂಬರನ್ನೇ ಅಚ್ಚೊತ್ತಿದ ನಕಲಿಗಳೂ ಇವೆ. ಮೇಲುನೋಟಕ್ಕೆ ಅಸಲಿಯಂತಿರುವ ಅವು ಪೂರ್ತಿ ದನಿ ಕೊಟ್ಟೊಡನೆ ಸುಟ್ಟುಹೋಗಬಹುದು.

ಯಂತ್ರ ಹೇಗೋ ರಿಪೇರಿಯಾದೀತು, ಆದರೆ ಕ್ಯಾಸೆಟ್ಟಿಗೂ ವಯಸ್ಸಾಗುತ್ತದೆ. ಮಳೆಗಾಲದ ತೇವಕ್ಕೆ ಟೇಪಿಗೆ ಬೂಸ್ಟು ಹಿಡಿಯುತ್ತದೆ. ಅದ್ದರಿಂದ ಅನುಭವಿಗಳು ಮೊದಲು ಬೇಡದ ಕ್ಯಾಸೆಟ್ಟೊಂದನ್ನು ಹಾಕಿ ಯಂತ್ರವನ್ನು ಪರೀಕ್ಷಿಸುತ್ತಾರೆ. ಟೇಪನ್ನು ಅದು ನುಂಗುವುದಿಲ್ಲವೆಂದು ಖಚಿತವಾದ ಮೇಲೆಯೇ ತಾಳಮದ್ದಳೆಯ ಸರದಿ. ಕಂಪ್ಯೂಟರಿಗೆ ತಂತಿ ಜೋಡಿಸಿ, ಮೊದಲ ಸಲ ಕೇಳುವಾಗಲೇ ಪ್ರತಿ ಮಾಡಿಕೊಳ್ಳುವುದು. ಎರಡನೆಯ ಸಲಕ್ಕೆ ಆ ಟೇಪು ಉಳಿದೀತೆಂಬ ಭರವಸೆ ಅವರಿಗಿಲ್ಲ.