ಮರದ ಬ್ಯಾಟಿನ ಪರೀಕ್ಷೆ

ನಮ್ಮೂರಲ್ಲಿ ಟೆನ್ನಿಸ್ ಬಾಲ್ ಕ್ರಿಕೆಟ್‌ಗೆ ನಾನೇ ಹೀರೋ. ಬಿಇ ಓದೋಕೆ ಸಿಟಿಗೆ ಬಂದು ಮೊದಲ ಸಲ ಲೆದರ್ ಬಾಲ್ ಎದುರಿಸಿದೆ. ಎರಡನೇ ಎಸೆತಕ್ಕೇ ಬೌಲ್ಡ್! ಅಮೆರಿಕದ ಕೇಪ್ ಕಾಡ್ ಬೇಸ್‌ಬಾಲ್ ಲೀಗಿನ ಕಥೆ ಓದುವಾಗ ಅದೇ ನೆನಪಾಯ್ತು.

ಮ್ಯಾಸಚೂಸೆಟ್ಸ್ ರಾಜ್ಯದ ಕಡಲತೀರದಲ್ಲಿ ನಡೆಯುವ ಈ ಬೇಸಿಗೆ ಲೀಗ್‌ನಲ್ಲಿ ಹತ್ತು ತಂಡಗಳಿವೆ. ಆಡೋರೆಲ್ಲ ಕಾಲೇಜು ಹುಡುಗರು. ಸಂಬಳವಿಲ್ಲ, ವಾಸ ಊರಿನವರ ಮನೆಗಳಲ್ಲಿ.

1970ರ ದಶಕದಲ್ಲಿ ಅಲ್ಲಿನ ಕಾಲೇಜುಗಳು ಅಲ್ಯೂಮಿನಿಯಂ ಬ್ಯಾಟ್ ಹಿಡಿದವು. ಮರದ್ದಾದರೆ ಮುರಿಯುತ್ತೆ, ಖರ್ಚು ಜಾಸ್ತಿ. ಕೇಪ್ ಕಾಡ್ ಕೂಡ ಅದೇ ದಾರಿ ಹಿಡಿದು, 1985ರಲ್ಲಿ ಮರಕ್ಕೆ ವಾಪಸ್ ಬಂತು. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಮರದ ಬ್ಯಾಟೇ ತಾನೇ? ಹಿಡಿಯ ಹತ್ತಿರ ತಗುಲಿದ ಚೆಂಡನ್ನೂ ಅಲ್ಯೂಮಿನಿಯಂ ಹೇಗೋ ದಾಟಿಸುತ್ತೆ. ಮರ ಆ ತಪ್ಪನ್ನು ಕ್ಷಮಿಸಲ್ಲ. ಹಾಗಾಗಿ ದೊಡ್ಡ ತಂಡಗಳ ಆಯ್ಕೆದಾರರು ಇಲ್ಲಿಗೆ ಬಂದು ಕೂರುತ್ತಾರೆ.

ಫ್ರಾಂಕ್ ಥಾಮಸ್‌ನನ್ನೇ ನೋಡಿ. 1986ರಲ್ಲಿ ಹೈಸ್ಕೂಲ್ ಮುಗಿಸಿದಾಗ ಒಂದು ತಂಡವೂ ಅವನನ್ನು ಆರಿಸಲಿಲ್ಲ. 1988ರ ಬೇಸಿಗೆಯಲ್ಲಿ ಇಲ್ಲಿನ ಆರ್ಲಿಯನ್ಸ್ ತಂಡಕ್ಕೆ ಆಡಿದ. ಮರುವರ್ಷ ಶಿಕಾಗೊ ವೈಟ್ ಸಾಕ್ಸ್ ಮೊದಲ ಸುತ್ತಲ್ಲೇ ಕರೆದುಕೊಂಡಿತು. 2012ರಲ್ಲಿ ಬ್ರೂಸ್ಟರ್‌ಗೆ ಆಡಿದ ಆರನ್ ಜಡ್ಜ್, 2022ರಲ್ಲಿ ಯಾಂಕೀಸ್ ಪರ 62 ಹೋಮ್ ರನ್ ಹೊಡೆದ.

ಹಾಗಾದ್ರೆ ಇಂಥ ಲೀಗಲ್ಲಿ ಕಣ್ಣಿಡಬೇಕಾದ್ದು ಯಾರ ಮೇಲೆ? ಕಾಲೇಜಿನ ಅಂಕಿಅಂಶ ಹೊತ್ತು ಬಂದವನ ಮೇಲಲ್ಲ. ಮೊದಲ ವಾರ ಎಡವಿ, ಮೂರನೇ ವಾರಕ್ಕೆ ಆಟ ತಿದ್ದಿಕೊಂಡವನ ಮೇಲೆ.

ನಾನು ಬೌಲ್ಡ್ ಆಗಿದ್ದು ದೊಡ್ಡ ವಿಷಯವಲ್ಲ. ಮಾರನೇ ದಿನ ನೆಟ್ಸ್‌ಗೆ ಹೋಗಲಿಲ್ಲ ನೋಡಿ, ಸೋತಿದ್ದು ಅಲ್ಲಿ.